ನೆಲದ ಮೇಲಿನ ಶಬ್ದಾತೀತ ಹಾರಾಟ: ಕಡೂರು ಬಯಲಿನಿಂದ ಒಂದು ನೋಟ

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರೀ ಸದ್ದೊಂದು ಕೇಳಿ ಕಿಟಕಿ, ಬಾಗಿಲು ಅದುರಿದವು. ಭೂಕಂಪವೆಂದೇ ಹಲವರು ಹೆದರಿದರು. ವಾಯುಪಡೆಯ ಪರೀಕ್ಷಾ ವಿಮಾನವೊಂದು 36,000ದಿಂದ 40,000 ಅಡಿ ಎತ್ತರದಲ್ಲಿ ಶಬ್ದಾತೀತ ವೇಗವನ್ನು ತಗ್ಗಿಸುವಾಗ ಈ ಸದ್ದು ಎದ್ದಿರಬೇಕೆಂದೂ, ವಿಮಾನ 65–80 ಕಿ.ಮೀ. ದೂರವಿದ್ದರೂ ಅದು ಕೇಳಿಸಬಲ್ಲದೆಂದೂ ರಕ್ಷಣಾ ಇಲಾಖೆ ವಿವರಿಸಿತು.

ಈ ದೂರವೇ ಕಡೂರು ಸೀಮೆಯವರಿಗೆ ಮುಖ್ಯ. ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಮೈಲಿ ಅಗಲದ ಪಟ್ಟಿಯಲ್ಲಿ ಸದ್ದು ಬೀಳುತ್ತದೆ ಎಂಬುದು ರೂಢಿಯ ಲೆಕ್ಕ. 40,000 ಅಡಿಯಿಂದಾದರೆ ಪಟ್ಟಿಯ ಅಗಲ 64 ಕಿ.ಮೀ. ಕಡೂರು, ತರೀಕೆರೆ, ಅಜ್ಜಂಪುರಗಳಾದರೋ ನೇರ ಗೆರೆಯಲ್ಲಿ ಒಂದಕ್ಕೊಂದು 30 ಕಿ.ಮೀ. ಒಳಗಿವೆ. ನಡುವೆ ಒಂದು ವಿಮಾನ ಹಾದರೂ ಸಾಕು, ಮೂರೂ ಊರಿಗೆ ಕೇಳುತ್ತದೆ. ಶಬ್ದದ ಗಡಿ ದಾಟುವ ಕ್ಷಣದಲ್ಲಿ ಮಾತ್ರ ಸಿಡಿಲಿನಂಥ ಸದ್ದಾಗುತ್ತದೆಂಬ ನಂಬಿಕೆ ತಪ್ಪು. ವಿಮಾನ ಆ ವೇಗದಲ್ಲಿರುವಷ್ಟು ಹೊತ್ತೂ ಸದ್ದು ಅದರ ಬೆನ್ನಿಗೇ ಬರುತ್ತದೆ.

ಕರ್ನಾಟಕಕ್ಕೆ ಈ ವಿದ್ಯೆ ಹೊಸತಲ್ಲ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಸತೀಶ್ ಧವನ್ ಅಲ್ಲಿ ಶಬ್ದಾತೀತ ಗಾಳಿ ಸುರಂಗ ಕಟ್ಟಿದರು. ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿದ ಎಚ್‌ಎಎಲ್‌ನ ಮಾರುತ್ 1961ರ ಜೂನ್ 17ರಂದು ಹಾರಿತು. ತೇಜಸ್ 2003ರ ಆಗಸ್ಟ್ 1ರಂದು ಶಬ್ದದ ವೇಗ ಮೀರಿತು. ಅದೇ ತಿಂಗಳ 27ರಂದು ಅಮೆರಿಕದಲ್ಲಿ, ಮೂತಿಯ ಆಕಾರ ಬದಲಿಸಿದ ಎಫ್-5ಇ ವಿಮಾನದ ಸದ್ದು ನೆಲ ಮುಟ್ಟುವಾಗ ಮೆತ್ತಗಾಗಿದ್ದುದು ಅಳತೆಗೆ ಸಿಕ್ಕಿತು. ಮೂತಿ, ರೆಕ್ಕೆ, ಬಾಲಗಳಿಂದ ಹೊರಡುವ ಆಘಾತ ತರಂಗಗಳು ದಾರಿಯಲ್ಲಿ ಒಂದರೊಳಗೊಂದು ಸೇರಿ ಬಲಿಯುತ್ತವೆ. ಸೇರದಂತೆ ನೋಡಿಕೊಂಡರೆ ಸಿಡಿತ ಗುಡುಗುಡು ಆಗುತ್ತದೆ. 2025ರ ಅಕ್ಟೋಬರ್ 28ರಂದು ಮೊದಲು ಹಾರಿದ ನಾಸಾದ ಎಕ್ಸ್-59ಕ್ಕೆ ಅಷ್ಟುದ್ದದ ಮೂತಿ ಇರುವುದು, ಎಂಜಿನ್ ಬೆನ್ನ ಮೇಲೆ ಕೂತಿರುವುದು ಇದಕ್ಕಾಗಿಯೇ. ಕಿವಿಗೆ ತೋರುವ ಮಟ್ಟದಲ್ಲಿ ಹಿಂದಿನ ಶಬ್ದಾತೀತ ಪ್ರಯಾಣಿಕ ವಿಮಾನ ಕಾಂಕಾರ್ಡ್‌ನ ಸದ್ದು ಸುಮಾರು 105 ಡೆಸಿಬೆಲ್, ಎಕ್ಸ್-59ರ ಗುರಿ 75.

ಕಾಂಕಾರ್ಡ್ ತನ್ನ ನೆಲದ ಮೇಲೆ ಶಬ್ದಾತೀತವಾಗಿ ಹಾರಲು ಭಾರತ ಒಪ್ಪಲಿಲ್ಲ. ಸಿಂಗಾಪುರ ಮಾರ್ಗ 1980ರಲ್ಲಿ ನಿಂತುಹೋಗಲು ಅದೂ ಒಂದು ಕಾರಣ. ಸರಿಯಾದ ನಿಲುವು ಅದು. 1964ರಲ್ಲಿ ಒಕ್ಲಹೋಮ ಸಿಟಿಯ ಮೇಲೆ ಆರು ತಿಂಗಳಲ್ಲಿ 1,253 ಬಾರಿ ಇಂಥ ಸದ್ದು ಮಾಡಿಸಿ ನೋಡಿದಾಗ, ಇದರೊಂದಿಗೆ ಬಾಳಲಾಗದು ಎಂದವರು ಕಾಲು ಭಾಗಕ್ಕೂ ಹೆಚ್ಚು. ರೂಢಿಯಾಗುತ್ತದೆ ಎಂಬ ವಾದ ಅಲ್ಲಿಗೇ ಬಿದ್ದಿತು.

ಮುಂದೆ ಎಕ್ಸ್-59 ಅಮೆರಿಕದ ಊರುಗಳ ಮೇಲೆ ಹಾರಿ ಜನಾಭಿಪ್ರಾಯ ಕಲೆಹಾಕಲಿದೆ. ಜಾಗತಿಕ ಮಿತಿ ಗೊತ್ತುಮಾಡಲು ಆ ಉತ್ತರಗಳೇ ಆಧಾರ. ಅಷ್ಟು ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಸದ್ದು ಮನೆಯೊಳಗೆ ಹೇಗೆ ಕೇಳುತ್ತದೆಂಬುದು ಮನೆ ಕಟ್ಟಿದ ಬಗೆಯನ್ನೂ ಅವಲಂಬಿಸಿದೆ. ನಮ್ಮ ಮಂಗಳೂರು ಹೆಂಚಿಗೆ ಮೊಳೆಯಿಲ್ಲ. ರೀಪಿಗೆ ಕಿವಿ ಸಿಕ್ಕಿಸಿಕೊಂಡು ತನ್ನ ಭಾರದಿಂದಲೇ ಕೂತಿರುತ್ತದೆ. ಆ 75 ಡೆಸಿಬೆಲ್ ಹೆಂಚಿನ ಮಾಡಿನ ಕೆಳಗೆ ಎಷ್ಟಾಗಿ ಕೇಳುತ್ತದೆಂಬುದನ್ನು ಇಲ್ಲಿಯೇ ಅಳೆಯಬೇಕು. ಅಜ್ಜಂಪುರದ ತಳಿ ಕೇಂದ್ರದ ಅಮೃತಮಹಲ್ ದನಗಳು ಬೆದರುವ ಸ್ವಭಾವದವು. ಅವುಗಳ ವರ್ತನೆಯನ್ನೂ ದಾಖಲಿಸಬೇಕು. ಅನುಮತಿಯ ಮಾತು ಆಮೇಲಿನದು.