ಅದಿರಿನ ಅರಸೊತ್ತಿಗೆಯ ನಗೆಪಾಟಲು

ಬಿರುದಿಗೆ ಬಳ್ಳಾರಿ ಸೀಮೆಯಲ್ಲಿ ಎಂದೂ ಬರ ಬಂದದ್ದಿಲ್ಲ. ಮಳೆಗೆ ಬಂದಿದೆ, ಮೇವಿಗೆ ಬಂದಿದೆ, ಬಿರುದಿಗೆ ಮಾತ್ರ ಬಂದಿಲ್ಲ. ಕುರುಗೋಡಿನಿಂದ ಆಳಿದ ಸಿಂದರು ಕಲ್ಯಾಣದ ಚಾಲುಕ್ಯರಿಗೆ ನಡೆದುಕೊಂಡಿದ್ದ ಸಾಮಂತರು. ಆ ಕಾಲದ ಶಾಸನಗಳಲ್ಲಿ ಕಪ್ಪ ಒಪ್ಪಿಸುವ ಸಾಮಂತನೂ ಸಾಲುಸಾಲು ಬಿರುದು ಹೊತ್ತೇ ನಿಲ್ಲುತ್ತಾನೆ. ಹೊಗಳುವುದು ಕವಿಯ ಕೆಲಸ, ಕೆತ್ತುವುದು ರೂವಾರಿಯ ಕೆಲಸ, ನಂಬುವುದು ಬಿಡುವುದು ಊರವರಿಗೆ ಬಿಟ್ಟದ್ದು. ಅದೇ ನೆಲದಲ್ಲಿ, ಸಿರುಗುಪ್ಪ ತಾಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ, ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಇನ್ನೊಂದು ಬರಹವಿದೆ. ಅಲ್ಲಿ ಅಶೋಕ ತನ್ನ ಹೆಸರಿನ ಜೊತೆ ರಾಜ, ದೇವಾನಾಂಪ್ರಿಯ ಎಂಬ ಒಂದೆರಡು ಮಾತನ್ನಷ್ಟೇ ಇಟ್ಟುಕೊಂಡು ಬಂದಿದ್ದಾನೆ. ಭಾರತಖಂಡದ ಬಹುಭಾಗ ಆಳಿದವನಿಗೆ ಅಷ್ಟು ಸಾಕಾಗಿತ್ತು.

ಬಿರುದು ಕೊಚ್ಚಿಕೊಳ್ಳುವವನನ್ನು ತಡೆದು ಕೇಳುವ ಏರ್ಪಾಡನ್ನೂ ಈ ಸೀಮೆ ಮಾಡಿಕೊಂಡಿತ್ತು. ಬಯಲಾಟದಲ್ಲಿ ಕಿರೀಟ, ಭುಜಕೀರ್ತಿ ತೊಟ್ಟ ರಾಜ ಅಟ್ಟ ನಡುಗುವಂತೆ ಕುಣಿಯುತ್ತ ಬರುತ್ತಾನೆ. ಎದುರಿಗೆ ಸಾರಥಿ ನಿಂತಿರುತ್ತಾನೆ. ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುವುದು ಅವನ ಹಕ್ಕು. ರಾಜ ತನ್ನ ಪರಾಕ್ರಮ ಬಣ್ಣಿಸುತ್ತಾನೆ, ಸಾರಥಿ ಹೌದೌದು ಎನ್ನುತ್ತಲೇ ಕಾಲೆಳೆಯುತ್ತಾನೆ, ಜನ ನಗುತ್ತಾರೆ. ರಾಜನಿಗೆ ಸಿಟ್ಟು ಬರುವಂತಿಲ್ಲ; ಬಂದರೆ ಆಟ ನಿಲ್ಲುತ್ತದೆ. ತೊಗಲುಗೊಂಬೆಯ ಪರದೆಯ ಮೇಲೆ ಇದೇ ಕೆಲಸ ಕಿಳ್ಳೇಕ್ಯಾತನದು.

ಇತಿಹಾಸದ ದೊಡ್ಡವರೂ ಈ ನಾಲಿಗೆಯಿಂದ ಪಾರಾಗಿಲ್ಲ. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಬಳ್ಳಾರಿಯ ಏಕಶಿಲಾ ಬೆಟ್ಟದ ಮೇಲೆ ಕೋಟೆ ಭದ್ರಪಡಿಸಿದನಂತೆ. ಕೆಲಸ ಮುಗಿದ ಮೇಲೆ, ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆ, ಅಲ್ಲಿಂದ ಫಿರಂಗಿ ಹಾರಿಸಿದರೆ ಕೋಟೆ ಉಳಿಯದು ಎಂದು ಗೊತ್ತಾಯಿತಂತೆ. ಎಂಜಿನಿಯರನನ್ನು ನೇಣಿಗೆ ಹಾಕಿಸಿದ ಎಂದು ಕಥೆ. ನಿಜವೋ ಸುಳ್ಳೋ, ಬಳ್ಳಾರಿಯವರು ಇದನ್ನು ಹೇಳುವಾಗ ಕೋಟೆಯ ಭವ್ಯತೆಗಿಂತ ಆ ಎಡವಟ್ಟಿನ ಮೇಲೆಯೇ ಹೆಚ್ಚು ಒತ್ತು ಹಾಕುತ್ತಾರೆ.

ಇಂಥ ಊರಿನಲ್ಲಿ ಅದಿರಿನ ಅರಸೊತ್ತಿಗೆ ಹುಟ್ಟಿತು.

1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯಿಂದ ಸೋನಿಯಾ ಗಾಂಧಿ ನಿಂತರು, ಅವರ ಎದುರಿಗೆ ಸುಷ್ಮಾ ಸ್ವರಾಜ್ ಬಂದರು. ಕೆಲವೇ ವಾರಗಳಲ್ಲಿ ಕನ್ನಡ ಕಲಿತು ವೇದಿಕೆಯ ಮೇಲೆ ಮಾತಾಡಿದ ಸುಷ್ಮಾ ಸುಮಾರು 56,000 ಮತಗಳಿಂದ ಸೋತರು. ಸೋತ ಚುನಾವಣೆ ಒಂದು ಮನೆತನವನ್ನು ಗೆಲ್ಲಿಸಿತು. ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಕ್ಕಳಾದ ಗಾಲಿ ಕರುಣಾಕರ ರೆಡ್ಡಿ, ಸೋಮಶೇಖರ ರೆಡ್ಡಿ, ಜನಾರ್ದನ ರೆಡ್ಡಿ, ಅವರೊಂದಿಗೆ ಬಿ. ಶ್ರೀರಾಮುಲು, ಆ ಪ್ರಚಾರದಲ್ಲಿ ಮುಂದೆ ನಿಂತು ದೊಡ್ಡವರ ಕಣ್ಣಿಗೆ ಬಿದ್ದರು. ಅಲ್ಲಿಂದ ಮುಂದೆ ವರ್ಷವರ್ಷವೂ ವರಮಹಾಲಕ್ಷ್ಮಿ ವ್ರತಕ್ಕೆ ಸುಷ್ಮಾ ಬಳ್ಳಾರಿಗೆ ಬರತೊಡಗಿದರು; ತಾಯಿ ಎಂದು ರೆಡ್ಡಿಗಳು ಕರೆದರು. ಜನಾರ್ದನ ರೆಡ್ಡಿ ಅದಕ್ಕೆ ಮೊದಲು ನಡೆಸುತ್ತಿದ್ದ ಎನೋಬಲ್ ಇಂಡಿಯಾ ಎಂಬ ಉಳಿತಾಯ ಕಂಪನಿ 1990ರ ದಶಕದ ಕೊನೆಗೆ ಮುಚ್ಚಿಹೋಗಿತ್ತು. ಹೊಸ ಶತಮಾನದ ಆರಂಭಕ್ಕೆ, ಗಡಿಯಾಚೆ ಅನಂತಪುರ ಜಿಲ್ಲೆಯಲ್ಲಿ, ಓಬಳಾಪುರಂ ಮೈನಿಂಗ್ ಕಂಪನಿ ಕಣ್ಣುಬಿಟ್ಟಿತು.

ಮುಂದಿನದು ಚೀನಾದ ಕೃಪೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಆ ದೇಶ ಉಕ್ಕಿಗಾಗಿ ಬಾಯಿ ತೆರೆದು ನಿಂತಿತ್ತು. ಕಬ್ಬಿಣದ ಅದಿರಿನ ಬೆಲೆ ಏರಿದಂತೆ ಸಂಡೂರು, ಹೊಸಪೇಟೆ, ಬಳ್ಳಾರಿಯ ರಸ್ತೆಗಳು ಲಾರಿಗಳಿಂದ ತುಂಬಿದವು, ಗಿಡದ ಎಲೆಯಿಂದ ಶಾಲೆಯ ಮಕ್ಕಳ ಅಂಗಿಯವರೆಗೆ ಎಲ್ಲ ಕೆಂಪಾದವು. ಗಡಿಯಲ್ಲಿದ್ದ ಸುಗ್ಗಲಮ್ಮ ದೇವಿಯ ಗುಡಿ ಸ್ಫೋಟಕ್ಕೆ ಬಲಿಯಾಯಿತು. ರೆಡ್ಡಿಗಳು ಗಡಿಯನ್ನೇ ಅಳಿಸುತ್ತಿದ್ದಾರೆ ಎಂದು ಟಪಾಲ್ ಗಣೇಶ್ ಅವರಂಥ ಗಣಿ ಮಾಲೀಕರು ದೂರಿದಾಗ ಕೇಳಿಸಿಕೊಂಡವರು ಕಡಿಮೆ.

ಸಿರುಗುಪ್ಪದಲ್ಲಿ ಅದಿರು ಇರಲಿಲ್ಲ. ಅಲ್ಲಿದ್ದದ್ದು ತುಂಗಭದ್ರೆಯ ನೀರು, ಭತ್ತ, ಅಕ್ಕಿ ಗಿರಣಿಗಳು. ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಗುಡಿ, ಕಾಲುವೆ, ಬ್ಯಾಡಗಿ ಪೇಟೆಗೆ ಹೋಗುವ ಮೆಣಸಿನಕಾಯಿ. ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿತೋ ಇಲ್ಲವೋ ಎಂಬುದೇ ಅಲ್ಲಿನವರ ರಾಜಕೀಯ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಕುರುಗೋಡು ವಿಧಾನಸಭಾ ಕ್ಷೇತ್ರವೇ ಅಳಿದು ಊರು ಕಂಪ್ಲಿಗೆ ಸೇರಿತು. ಆದರೂ ಗಣಿ ಧಣಿಗಳ ಹೆಲಿಕಾಪ್ಟರ್ ಗದ್ದೆಯ ಮೇಲೆ ಹಾರಿದಾಗ ಕಳೆ ಕೀಳುತ್ತಿದ್ದವರೂ ತಲೆಯೆತ್ತಿ ನೋಡಿದರು. ಬೆರಗು ಇತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಗೇಲಿ ಹುಟ್ಟಿದ್ದು ಆ ಬೆರಗಿನ ಹೊಟ್ಟೆಯಲ್ಲೇ.

2008ರ ಮೇ ತಿಂಗಳಲ್ಲಿ ಬಿಜೆಪಿ 110 ಸ್ಥಾನ ಗೆದ್ದು, ಪಕ್ಷೇತರರನ್ನು ಸೇರಿಸಿಕೊಂಡು ಯಡಿಯೂರಪ್ಪನವರ ನೇತೃತ್ವದಲ್ಲಿ ಸರ್ಕಾರ ರಚಿಸಿತು. ಕರುಣಾಕರ ರೆಡ್ಡಿಗೆ ಕಂದಾಯ, ಜನಾರ್ದನ ರೆಡ್ಡಿಗೆ ಪ್ರವಾಸೋದ್ಯಮ, ಶ್ರೀರಾಮುಲುಗೆ ಆರೋಗ್ಯ. ಸೋಮಶೇಖರ ರೆಡ್ಡಿ ಹಾಲು ಮಹಾಮಂಡಳದ ಅಧ್ಯಕ್ಷರಾದರು. ಒಂದೇ ಅಂಗಳದಿಂದ ಇಷ್ಟು ಅಧಿಕಾರ ಹೊರಟದ್ದು ಆ ಸೀಮೆಯಲ್ಲಿ ವಿಜಯನಗರದ ನಂತರ ಇದೇ ಮೊದಲು ಎಂದು ಅಭಿಮಾನಿಗಳು ಉಬ್ಬಿದರು. ಮಾತಿನಲ್ಲಿ ಕೃಷ್ಣದೇವರಾಯನ ಹೆಸರು ಸಲೀಸಾಗಿ ಬರತೊಡಗಿತು.

ಆಗಿನ ಬಡಾಯಿಗಳನ್ನು ಈಗ ಒಟ್ಟಿಗೆ ಇಟ್ಟು ನೋಡಿದರೆ ಸೊಗಸಾಗಿದೆ. ಕಡಪ ಜಿಲ್ಲೆಯಲ್ಲಿ ಬ್ರಹ್ಮಣಿ ಸ್ಟೀಲ್ಸ್ ಎಂಬ ಮಹಾ ಉಕ್ಕಿನ ಕಾರ್ಖಾನೆ, ವೈ.ಎಸ್. ರಾಜಶೇಖರ ರೆಡ್ಡಿಯವರ ಕೈಯಿಂದ ಅಡಿಗಲ್ಲು ಬಿತ್ತು, ಉಕ್ಕು ಬರಲಿಲ್ಲ, ಕೊನೆಗೆ ಕೊಟ್ಟ ಭೂಮಿಯನ್ನೇ ಸರ್ಕಾರ ಹಿಂದಕ್ಕೆ ಪಡೆಯಿತು. ಬಳ್ಳಾರಿಗೆ ದೊಡ್ಡ ವಿಮಾನ ನಿಲ್ದಾಣ. ಸಿರಿವಾರ, ಚಾಗನೂರಿನ ರೈತರು ನೀರಾವರಿ ಭೂಮಿ ಬಿಡುವುದಿಲ್ಲವೆಂದು ಬೀದಿಗಿಳಿದರು, ವಿಮಾನವೂ ಇಳಿಯಲಿಲ್ಲ. 2009ರ ಜೂನ್‌ನಲ್ಲಿ ತಿರುಪತಿ ತಿಮ್ಮಪ್ಪನಿಗೆ 40 ಕೋಟಿ ರೂಪಾಯಿಗೂ ಮೀರಿದ ವಜ್ರಖಚಿತ ಕಿರೀಟ ಅರ್ಪಣೆಯಾಯಿತು. ಇದು ಮಾತ್ರ ಹೇಳಿದಂತೆಯೇ ನಡೆದದ್ದು. ಹಣದ ಮೂಲದ ಬಗ್ಗೆ ಕೇಸು ಬಿದ್ದ ಮೇಲೆ, ದೇವರು ಅದನ್ನು ಹಿಂದಿರುಗಿಸಬೇಕೆಂಬ ಕೂಗೂ ಎದ್ದಿತು.

ಇಷ್ಟೆಲ್ಲದರಲ್ಲಿ ಜನರ ನಾಲಿಗೆಯಲ್ಲಿ ಗಟ್ಟಿಯಾಗಿ ಕೂತದ್ದು ಕುರ್ಚಿ. ಮಂತ್ರಿಗಳು ಲೋಕಾಯುಕ್ತರಿಗೆ ಆಸ್ತಿವಿವರ ಕೊಡಬೇಕಲ್ಲ, ಜನಾರ್ದನ ರೆಡ್ಡಿ ಕೊಟ್ಟ ವಿವರದಲ್ಲಿ 15 ಕಿಲೋ ತೂಕದ, 2.2 ಕೋಟಿ ರೂಪಾಯಿ ಬೆಲೆಯ ಬಂಗಾರದ ಕುರ್ಚಿ, ಬಂಗಾರದ ನಡುಪಟ್ಟಿ, ಬಂಗಾರದ ತಟ್ಟೆ ಚಮಚ ಇವೆಯೆಂದು ಪತ್ರಿಕೆಗಳು ಬರೆದವು. ಕದ್ದುಮುಚ್ಚಿ ಇಟ್ಟದ್ದಲ್ಲ, ಸ್ವತಃ ಬರೆದುಕೊಟ್ಟದ್ದು! ಒಗ್ಗರಣೆ ಮಿರ್ಚಿ ಸಿಗುವ ಬಂಡಿಗಳ ಎದುರು, ಅಲುಗಾಡುವ ಮರದ ಬೆಂಚಿನ ಮೇಲೆ ಕೂತವರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕಿರಲಿಲ್ಲ. ಆದರೆ ಆಗ ನಗು ಅಕ್ಕಪಕ್ಕ ನೋಡಿ ಹೊರಡುತ್ತಿತ್ತು. ಬಳ್ಳಾರಿಯಲ್ಲಿ ಗಟ್ಟಿಯಾಗಿ ನಕ್ಕವನ ಗುತ್ತಿಗೆ, ಲಾರಿ ಪರ್ಮಿಟ್ಟು, ಮಗನ ವರ್ಗಾವಣೆ ಎಲ್ಲವೂ ಒಂದೇ ಬಾಗಿಲಿನಲ್ಲಿದ್ದವು. ಸಾರಥಿ ಅಟ್ಟದಿಂದ ಇಳಿದು ಗುಂಪಿನಲ್ಲಿ ಮರೆಯಾಗಿದ್ದ ಕಾಲ ಅದು.

ಬೆಂಗಳೂರಿನಲ್ಲಿ ರೆಡ್ಡಿಗಳ ಮಾತಿನ ತೂಕ ಎಷ್ಟಿತ್ತೆಂದರೆ, 2009ರ ನವೆಂಬರ್‌ನಲ್ಲಿ ಶಾಸಕರ ಗುಂಪು ಕಟ್ಟಿ ಬಂಡೆದ್ದಾಗ ಮುಖ್ಯಮಂತ್ರಿ ಯಡಿಯೂರಪ್ಪ ಟಿವಿ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿದರು, ಶೋಭಾ ಕರಂದ್ಲಾಜೆ ಮಂತ್ರಿಪದವಿ ಬಿಡಬೇಕಾಯಿತು.

ನಗು ಮೊದಲು ಬಾಯಿಬಿಟ್ಟದ್ದು 2010ರ ಜುಲೈಯಲ್ಲಿ. ವಿಧಾನಸಭೆಯಲ್ಲಿ ಗಣಿ ವಿಚಾರಕ್ಕೆ ಮಾತಿಗೆ ಮಾತು ಬೆಳೆದು, ಬಳ್ಳಾರಿಗೆ ಬನ್ನಿ ನೋಡೋಣ ಎಂಬ ಅರ್ಥದ ಸವಾಲು ರೆಡ್ಡಿಗಳ ಕಡೆಯಿಂದ ಹೊರಟಿತು. ಸಿದ್ದರಾಮಯ್ಯ ಅದನ್ನು ನೆಲಕ್ಕೆ ಬೀಳಗೊಡಲಿಲ್ಲ. ಜುಲೈ 25ರಂದು ಬೆಂಗಳೂರಿನಿಂದ ಹೊರಟ ಕಾಂಗ್ರೆಸ್ ಪಾದಯಾತ್ರೆ ಸುಮಾರು 320 ಕಿಲೋಮೀಟರ್ ನಡೆದು ಆಗಸ್ಟ್ 9ಕ್ಕೆ ಬಳ್ಳಾರಿ ಸೇರಿತು. ದಾರಿಯುದ್ದಕ್ಕೂ ಡೊಳ್ಳು, ತಮಟೆ; ನಡುವೆ ಸಿದ್ದರಾಮಯ್ಯನವರೇ ಹೆಜ್ಜೆ ಹಾಕಿದರು. ಬೆದರಿಕೆಗೆ ಕುಣಿತದ ಉತ್ತರ ಸಿಕ್ಕಿದ್ದರಲ್ಲಿ ನನಗೆ ಆ ಯಾತ್ರೆಯ ನಿಜವಾದ ಗೆಲುವು ಕಾಣುತ್ತದೆ. ಭಾಷಣಗಳು ಮರೆತುಹೋಗಿವೆ, ಕುಣಿತ ಉಳಿದಿದೆ. ಅದೇ ವರ್ಷ ಪುನೀತ್ ರಾಜ್‌ಕುಮಾರ್ ಬಳ್ಳಾರಿಯ ಜಿಲ್ಲಾಧಿಕಾರಿಯಾಗಿ ಗಣಿ ಮಾಫಿಯಾವನ್ನು ಎದುರಿಸುವ ‘ಪೃಥ್ವಿ’ ತೆರೆಗೆ ಬಂತು.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಂತಿಮ ವರದಿ ಹೊರಬಿತ್ತು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಮತ್ತವರ ತಂಡ ಲಾರಿ, ಪರ್ಮಿಟ್, ಬಂದರುಗಳ ಲೆಕ್ಕ ಜಾಲಾಡಿ ಬರೆದ ಆ ವರದಿ, ಬೊಕ್ಕಸಕ್ಕೆ ಆದ ನಷ್ಟ 16,085 ಕೋಟಿ ರೂಪಾಯಿ ಎಂದಿತು. ರಿಪಬ್ಲಿಕ್ ಆಫ್ ಬಳ್ಳಾರಿ ಎಂಬ ಚುಚ್ಚುಮಾತು ಅಷ್ಟರಲ್ಲಿ ದೇಶದ ತುಂಬ ಓಡಾಡಿತ್ತು. ಯಡಿಯೂರಪ್ಪ ರಾಜೀನಾಮೆ ಕೊಟ್ಟರು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದೇ ವರ್ಷದ ಮೇ ತಿಂಗಳಲ್ಲೇ ಸುಷ್ಮಾ ಸ್ವರಾಜ್ ಸಂದರ್ಶನವೊಂದರಲ್ಲಿ, ಈ ಸೋದರರನ್ನು ಮಂತ್ರಿ ಮಾಡಿದ್ದರಲ್ಲಿ ತಮ್ಮ ಪಾತ್ರವಿಲ್ಲವೆಂದು ಕೈ ತೊಳೆದುಕೊಂಡಿದ್ದರು. ಸೆಪ್ಟೆಂಬರ್ 5ರ ಬೆಳಗ್ಗೆ ಸಿಬಿಐ ಅಧಿಕಾರಿಗಳು ಬಳ್ಳಾರಿಯ ಮನೆ ಹೊಕ್ಕು ಜನಾರ್ದನ ರೆಡ್ಡಿಯವರನ್ನೂ ಭಾವಮೈದುನ ಬಿ.ವಿ. ಶ್ರೀನಿವಾಸ ರೆಡ್ಡಿಯವರನ್ನೂ ಬಂಧಿಸಿ ಹೈದರಾಬಾದಿಗೆ ಕರೆದೊಯ್ದರು. ಆ ಸಂಜೆಗೆ ಚಂಚಲಗುಡ ಜೈಲಿನ ಹೆಸರು ಬಳ್ಳಾರಿಯಲ್ಲಿ ಗೊತ್ತಿಲ್ಲದ ಮಗುವಿರಲಿಲ್ಲ. ಅಕ್ಕಪಕ್ಕ ನೋಡಿ ನಗುತ್ತಿದ್ದವರು ರಾಯಲ್ ಸರ್ಕಲ್‌ನಲ್ಲೇ ನಿಂತು ನಕ್ಕರು.

ಬಿದ್ದವನನ್ನು ನೋಡಿ ನಗುವುದು ಸುಲಭ, ಆ ನಗೆಗೆ ಧೈರ್ಯದ ಲೇಪ ಹಚ್ಚುವುದು ಇನ್ನೂ ಸುಲಭ. ಊರಿನ ಗೇಲಿ ಊರಿನ ಮತವಾಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಬಂಧನವಾಗಿ ಮೂರು ತಿಂಗಳಾಗುವ ಮುಂಚೆ ಬಳ್ಳಾರಿ ಗ್ರಾಮಾಂತರದ ಉಪಚುನಾವಣೆಯಲ್ಲಿ ಶ್ರೀರಾಮುಲು ಪಕ್ಷೇತರರಾಗಿ ನಿಂತು ಭಾರಿ ಅಂತರದಿಂದ ಗೆದ್ದರು. ಹಗಲು ಕುರ್ಚಿಯ ಜೋಕು, ಮತಗಟ್ಟೆಯಲ್ಲಿ ಅಣ್ಣನ ಗುರುತು. ಇದನ್ನು ಬರೀ ಹಣದ ಮಹಿಮೆ ಎನ್ನುವವರಿದ್ದಾರೆ. ಸಾಮೂಹಿಕ ವಿವಾಹದಲ್ಲಿ ತಾಳಿ ಪಡೆದವರು, ಆಸ್ಪತ್ರೆ ಬಿಲ್ಲಿಗೆ ನೆರವು ಪಡೆದವರು ಹಾಗೆನ್ನುವುದಿಲ್ಲ.

2012ರಲ್ಲಿ ಪ್ರಹಸನ ನ್ಯಾಯಾಲಯದ ಒಳಗೇ ನಡೆಯಿತು. ಹೈದರಾಬಾದಿನ ಸಿಬಿಐ ನ್ಯಾಯಾಲಯ ಮೇ ತಿಂಗಳಲ್ಲಿ ಜನಾರ್ದನ ರೆಡ್ಡಿಗೆ ಜಾಮೀನು ಕೊಟ್ಟಿತು. ಕೆಲವೇ ದಿನಗಳಲ್ಲಿ, ಅದಕ್ಕೆ ಲಂಚ ಪಡೆದ ಆರೋಪದ ಮೇಲೆ ನ್ಯಾಯಾಧೀಶರೇ ಅಮಾನತಾದರು. ಅದೇ ಪ್ರಕರಣದಲ್ಲಿ ಸೋಮಶೇಖರ ರೆಡ್ಡಿ ಮತ್ತು, ಕುರುಗೋಡು ಸೇರಿದ ಕಂಪ್ಲಿ ಕ್ಷೇತ್ರದ ಶಾಸಕ ಸುರೇಶ್ ಬಾಬು ಬಂಧನಕ್ಕೊಳಗಾದರು. ಗಣಿ ಕಾಣದ ಕುರುಗೋಡಿಗೂ ಹೀಗೆ ಜೈಲಿನ ಸುದ್ದಿಯ ಪಾಲು ಸಿಕ್ಕಿತು.

ಮೂರು ವರ್ಷಕ್ಕೂ ಹೆಚ್ಚು ಸೆರೆಯಲ್ಲಿದ್ದ ಜನಾರ್ದನ ರೆಡ್ಡಿಗೆ 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. ಬಳ್ಳಾರಿ, ಅನಂತಪುರ, ಕಡಪ ಜಿಲ್ಲೆಗಳಿಗೆ ಕಾಲಿಡಕೂಡದೆಂಬ ಷರತ್ತು ಹಾಕಿತು. ತಮ್ಮ ವಿರುದ್ಧ ನಡೆದದ್ದೆಲ್ಲ ರಾಜಕೀಯ ಸಂಚು ಎಂಬ ಮಾತನ್ನು ಅವರು ಅಂದಿನಿಂದ ಇಂದಿನವರೆಗೂ ಬಿಟ್ಟಿಲ್ಲ. ಬಿಡದಿದ್ದ ಇನ್ನೊಂದು ವೈಭವ. 2016ರ ನವೆಂಬರ್ 16ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ, ಹಂಪಿಯ ವಿಜಯವಿಠ್ಠಲ ದೇವಾಲಯದ ಸೆಟ್ಟು ಹಾಕಿಸಿ ಮಗಳ ಮದುವೆ ಮಾಡಿದರು. ಆಮಂತ್ರಣ ತೆರೆದರೆ ಎಲ್‌ಸಿಡಿ ಪರದೆಯಲ್ಲಿ ಕುಟುಂಬವೇ ಹಾಡುತ್ತ ಕರೆಯುತ್ತಿತ್ತು. ನೋಟು ರದ್ದಾಗಿ ಎಂಟೇ ದಿನ. ಎರಡು ಸಾವಿರಕ್ಕಾಗಿ ಇಡೀ ದೇಶ ಎಟಿಎಂ ಎದುರು ನಿಂತಿತ್ತು. ಆ ಸಾಲಿನಲ್ಲಿ ನಿಂತವರ ಕೈಯಲ್ಲಿ ಮೊಬೈಲ್ ಇತ್ತು, ಬೇಕಾದಷ್ಟು ಹೊತ್ತೂ ಇತ್ತು. ನಗೆ ಅದೆಷ್ಟು ದೂರ ಹೋಯಿತೆಂದು ಬೇರೆ ಹೇಳಬೇಕಿಲ್ಲ.

2022ರ ಡಿಸೆಂಬರ್ 25ರಂದು ಅವರು ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು. ಗುರುತು ಫುಟ್‌ಬಾಲ್. 2023ರ ಮೇನಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಆ ಪಕ್ಷದಿಂದ ಗೆದ್ದವರು ಗಂಗಾವತಿಯಲ್ಲಿ ನಿಂತಿದ್ದ ಅವರೊಬ್ಬರೇ. ಬಳ್ಳಾರಿ ನಗರದಲ್ಲಿ ಅವರ ಪತ್ನಿ ಅರುಣಾ ಲಕ್ಷ್ಮಿ ಮತ್ತು ಬಿಜೆಪಿಯ ಸೋಮಶೇಖರ ರೆಡ್ಡಿ, ಅಂದರೆ ನಾದಿನಿ ಮತ್ತು ಭಾವ, ಎದುರಾಬದುರು ನಿಂತು ಇಬ್ಬರೂ ಸೋತರು. ಸಿರುಗುಪ್ಪ, ಕಂಪ್ಲಿ ಸೇರಿ ಜಿಲ್ಲೆಯ ಐದಕ್ಕೆ ಐದೂ ಕಾಂಗ್ರೆಸ್ ಪಾಲಾದವು. ಆದರೆ ನಗೆಗೆ ಪಕ್ಷದ ಹಂಗಿಲ್ಲ. 2024ರ ಜುಲೈಯಲ್ಲಿ ವಾಲ್ಮೀಕಿ ನಿಗಮದ ಹಣದ ಪ್ರಕರಣದಲ್ಲಿ, ಬಳ್ಳಾರಿ ಗ್ರಾಮಾಂತರದ ಕಾಂಗ್ರೆಸ್ ಶಾಸಕ ಬಿ. ನಾಗೇಂದ್ರ ಅವರನ್ನು ಜಾರಿ ನಿರ್ದೇಶನಾಲಯ ಬಂಧಿಸಿದಾಗ, ಹದಿಮೂರು ವರ್ಷ ನಗಿಸಿಕೊಂಡವರ ಕಡೆಗೆ ನಗುವ ಸರದಿ ಬಂತು.

ಅಷ್ಟರಲ್ಲಿ ಹೊಸ ಪಕ್ಷ ಬಿಜೆಪಿಯೊಳಗೆ ಕರಗಿತ್ತು. 2024ರ ಸೆಪ್ಟೆಂಬರ್ 30ಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯ ನಿರ್ಬಂಧ ಸಡಿಲಿಸಿತು. ಕೆಲವೇ ದಿನಗಳಲ್ಲಿ ಜನಾರ್ದನ ರೆಡ್ಡಿ ಮೆರವಣಿಗೆಯಲ್ಲಿ ಊರು ಸೇರಿದರು. ಹಾರ, ಪಟಾಕಿ, ಜೈಕಾರ ಎಲ್ಲ ಹಳೆಯ ಕ್ರಮದಲ್ಲೇ ನಡೆದವು. 2025ರ ಮೇ 6ರಂದು, ಪ್ರಕರಣ ದಾಖಲಾದ ಸುಮಾರು ಹದಿನೈದು ವರ್ಷದ ಮೇಲೆ, ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯ ಓಬಳಾಪುರಂ ಪ್ರಕರಣದಲ್ಲಿ ಅವರನ್ನು ತಪ್ಪಿತಸ್ಥರೆಂದು ಸಾರಿ ಏಳು ವರ್ಷಗಳ ಸಜೆ ವಿಧಿಸಿತು. ಶಾಸಕತ್ವ ಹೋಯಿತು. ಅವರು ಮೇಲ್ಮನವಿ ಹಾಕಿದರು, ಜೂನ್ 11ರಂದು ತೆಲಂಗಾಣ ಹೈಕೋರ್ಟ್ ಶಿಕ್ಷೆಯನ್ನು ತಡೆಹಿಡಿಯಿತು, ಶಾಸಕತ್ವ ಮರಳಿತು. ಗಂಗಾವತಿಯ ಉಪಚುನಾವಣೆಗೆಂದು ಆಗಲೇ ಟವೆಲ್ ಹಾಕಿದ್ದವರು ಟವೆಲ್ ಕೊಡವಿಕೊಂಡು ಎದ್ದರು.