ಕೆಳದಿ ನಾಡು ಮತ್ತು ಕ್ರೈಸ್ತ ಐಕ್ಯದ ಪ್ರಾರ್ಥನೆ

ಇಂದಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಒಂದು ಕಾಲಕ್ಕೆ ಕೆಳದಿ ಅರಸರ ರಾಜ್ಯದ ಕೇಂದ್ರಭಾಗವಾಗಿದ್ದವು. ಕೆಳದಿ ಮತ್ತು ಇಕ್ಕೇರಿ ಸಾಗರದಲ್ಲಿಯೂ, ಬಿದನೂರು ಹೊಸನಗರದಲ್ಲಿಯೂ, ಕವಲೇದುರ್ಗವು ತೀರ್ಥಹಳ್ಳಿಯಲ್ಲಿಯೂ ಇವೆ. ಘಟ್ಟದ ಕೆಳಗಿನ ಕರಾವಳಿಯ ಕ್ರೈಸ್ತರ ಸ್ಥಿತಿಗತಿಯು ಬಹುಮಟ್ಟಿಗೆ ಈ ಊರುಗಳಲ್ಲಿ ನಿರ್ಧಾರವಾಗುತ್ತಿತ್ತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಗೆ ಬಂದಾಗ ವೆಂಕಟಪ್ಪ ನಾಯಕನು ಆಳುತ್ತಿದ್ದನು. ಮುಂದೆ 1678ರ ಒಪ್ಪಂದವು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅವಕಾಶ ನೀಡಿತು.

ವೀರಶೈವ ಅರಸರು ಇಗರ್ಜಿಗಳಿಗೆ ಒಪ್ಪಿಗೆಯಿತ್ತ ಆ ಕಾಲದಲ್ಲಿಯೇ ಕ್ರೈಸ್ತರು ಪರಸ್ಪರ ಒಡೆದಿದ್ದರೆಂಬುದು ಗಮನಾರ್ಹ. ಇಗರ್ಜಿಗಳ ಮೇಲಿನ ಹಕ್ಕು ಪೋರ್ಚುಗಲ್ಲಿನ ದೊರೆಗೆ ಸೇರಿದ್ದೆಂದು ಗೋವೆಯ ಪಕ್ಷವು ವಾದಿಸಿತು. 1622ರಲ್ಲಿ ಸ್ಥಾಪನೆಯಾದ ರೋಮಿನ ಧರ್ಮಪ್ರಚಾರ ಸಂಸ್ಥೆಯಾದ ಪ್ರೊಪಗಾಂಡವು ತನ್ನದೇ ಬಿಷಪರಾಗಿ ತೋಮಸ್ ದೆ ಕಾಸ್ತ್ರೊ ಅವರನ್ನು ಕೆನರಾಕ್ಕೆ ನೇಮಿಸಿತ್ತು. 1681ರಲ್ಲಿ ಗೋವೆಯಿಂದ ಬಂದ ಪಾದ್ರಿ ಜೋಸೆಫ್ ವಾಜ್ ಅವರು ಈ ಎರಡು ಪಕ್ಷಗಳ ನಡುವೆ ಸಂಧಾನಕ್ಕೆ ಯತ್ನಿಸಿದರು. 2015ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ವಿವಾದವು ಅಲ್ಲಿಗೆ ಮುಗಿಯಲಿಲ್ಲ. 1886ರ ಹೊಸ ಆಡಳಿತ ವ್ಯವಸ್ಥೆಯನ್ನು ವಿರೋಧಿಸಿದ ಗೋವೆಯ ಪಾದ್ರಿ ಆಲ್ವಾರಿಸ್ ಅವರು 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಆರ್ಥಡಾಕ್ಸ್ ಬಿಷಪರಾದರು. ಬ್ರಹ್ಮಾವರದ ಒಂದು ಗುಂಪು ಅವರನ್ನು ಅನುಸರಿಸಿತು. ಇಲ್ಲಿನ ಭೇದದ ಮೂಲವು ನಂಬಿಕೆಗಿಂತ ಹೆಚ್ಚಾಗಿ ಅಧಿಕಾರವ್ಯಾಪ್ತಿಯಲ್ಲಿತ್ತು.

ಪ್ರಾಟೆಸ್ಟೆಂಟರಲ್ಲಿ ಐಕ್ಯವು ಸಂಸ್ಥೆಯ ರೂಪವನ್ನು ಪಡೆಯಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ದಕ್ಷಿಣ ಭಾರತ ಸಂಯುಕ್ತ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಇದರಿಂದ ಮೈಸೂರು ಸಂಸ್ಥಾನದ ವೆಸ್ಲಿಯನ್ ಮಿಷನ್ನಿನ ಸಭೆಗಳೂ ಹೊಸ ಸಭೆಯ ಅಂಗವಾದವು.

ಕಥೋಲಿಕರು ಆ ಒಕ್ಕೂಟದ ಹೊರಗಿದ್ದರು. ಇಬ್ಬರನ್ನೂ ಹತ್ತಿರ ತಂದುದು ಜನವರಿ 18ರಿಂದ 25ರವರೆಗಿನ ಐಕ್ಯಪ್ರಾರ್ಥನೆಯ ವಾರ. 1908ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಆಚರಣೆಯನ್ನು 1964ರ ವ್ಯಾಟಿಕನ್ ಪರಿಷತ್ತಿನ ಐಕ್ಯಕುರಿತ ನಿರ್ಣಯವು ಬಲಪಡಿಸಿತು. ಉಭಯರೂ ಸೇರಿ ಸಿದ್ಧಪಡಿಸಿದ ಪ್ರಾರ್ಥನಾಪಾಠವು 1968ರಿಂದ ಬಳಕೆಗೆ ಬಂದಿತು.

ಮಲೆನಾಡಿನಲ್ಲಿ ಈ ಪ್ರಾರ್ಥನೆಯ ಅಗತ್ಯವು ಕಡಿಮೆಯಾಗಲಿಲ್ಲ. 1988ರಲ್ಲಿ ಲ್ಯಾಟಿನ್ ವಿಧಿಯ ಶಿವಮೊಗ್ಗ ಧರ್ಮಪ್ರಾಂತವೂ, 2007ರಲ್ಲಿ ಸೀರೊ-ಮಲಬಾರ್ ವಿಧಿಯ ಭದ್ರಾವತಿ ಧರ್ಮಪ್ರಾಂತವೂ ರೂಪುಗೊಂಡವು. ಕೇರಳದಿಂದ ವಲಸೆ ಬಂದ ಕೃಷಿಕರು ತಮ್ಮ ವಿಧಿ ಮತ್ತು ಭಾಷೆಗಳನ್ನು ಉಳಿಸಿಕೊಂಡರು. ಒಂದೇ ಕಥೋಲಿಕ ಸಭೆಯಾದರೂ ಒಂದೇ ನೆಲದಲ್ಲಿ ಎರಡು ಧರ್ಮಪ್ರಾಂತಗಳು ಕಾರ್ಯನಿರ್ವಹಿಸುತ್ತಿವೆ. ವೈವಿಧ್ಯವೆಲ್ಲವೂ ಒಡಕಲ್ಲವೆಂಬುದಕ್ಕೆ ಇದು ನಿದರ್ಶನ.

ಒಡಕಿನ ಇನ್ನೊಂದು ಮುಖವನ್ನು ಭಾರತೀಯರೇ ಎತ್ತಿ ತೋರಿದರು. 2013ರ ವಾರದ ಪಾಠವನ್ನು ಭಾರತದ ವಿದ್ಯಾರ್ಥಿ ಕ್ರೈಸ್ತ ಚಳವಳಿಯು ಸಿದ್ಧಪಡಿಸಿ, ದಲಿತರ ಮೇಲಿನ ಅನ್ಯಾಯವನ್ನು ಅದರ ಕೇಂದ್ರದಲ್ಲಿರಿಸಿತು. ವಾಜ್ ಅವರ ಕಾಲದ ಸಂಧಾನಕ್ಕೆ ಬಿಷಪರಿಬ್ಬರ ಅಧಿಕಾರದ ಪ್ರಶ್ನೆ ವಸ್ತುವಾಗಿತ್ತು. ಜಾತಿಯಿಂದ ಬೇರ್ಪಟ್ಟವರು ಒಂದೇ ಪಂಕ್ತಿಯಲ್ಲಿ ಕೂರದೆ ಸಭೆಗಳ ಒಪ್ಪಂದ ಮಾತ್ರದಿಂದ ಐಕ್ಯವು ಪೂರ್ಣವಾಗದು. ಐಕ್ಯದ ಪ್ರಾರ್ಥನೆಯು ಭೇದವನ್ನು ಮರೆಮಾಚುವ ಆಚರಣೆಯಾಗದೆ, ಅದನ್ನು ಒಪ್ಪಿಕೊಳ್ಳುವ ಮೊದಲ ಹೆಜ್ಜೆಯಾಗುವುದು ಈ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ.