ಮನ್ಮಾಡಿನಲ್ಲಿ ಕಟ್ಟಿದ ವಾದ

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗುವ ನಮ್ಮಂಥವರಿಗೆ ಮನ್ಮಾಡ್ ಎಂದರೆ ನಡುದಾರಿಯ ಒಂದು ಜಂಕ್ಷನ್, ಅಷ್ಟೇ. ಆದರೆ ಇಂಗ್ಲಿಷ್ ಪರೀಕ್ಷೆಗೆ ಪ್ರಬಂಧ ಬರೆಯಲು ಕಲಿಯುತ್ತಿರುವವರು ನಾಸಿಕ್ ಜಿಲ್ಲೆಯ ಈ ಊರನ್ನು ಇನ್ನೊಂದು ಕಾರಣಕ್ಕೆ ನೆನಪಿಡಬೇಕು.

ತರ್ಕದೋಷಗಳ ಪಟ್ಟಿಯನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ವಾದವನ್ನು ಬಿಟ್ಟು ವ್ಯಕ್ತಿಯನ್ನು ಹಳಿಯುವುದು, ಎದುರಾಳಿ ಆಡದ ಮಾತನ್ನು ಅವನ ಬಾಯಿಗೆ ತುರುಕುವುದು, ಕೆಲವರನ್ನು ನೋಡಿ ಎಲ್ಲರನ್ನೂ ಅಳೆಯುವುದು, ಪರಿಣಾಮವನ್ನೇ ಕಾರಣವೆನ್ನುವುದು. ಪರೀಕ್ಷೆ ಮುಗಿದರೆ ಪಟ್ಟಿಯೂ ಮರೆತುಹೋಗುತ್ತದೆ. ಇಂಥದೊಂದು ದೋಷ ಮನುಷ್ಯರ ಕೂಲಿಯ ಪ್ರಶ್ನೆಯಾಗಿದ್ದ ಸಂದರ್ಭ ಮನ್ಮಾಡಿನದು.

1938ರ ಫೆಬ್ರವರಿ 12 ಮತ್ತು 13ರಂದು ಜಿಐಪಿ ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ಇಲ್ಲಿ ನಡೆಯಿತು. ಅಧ್ಯಕ್ಷತೆ ಡಾ. ಬಿ. ಆರ್. ಅಂಬೇಡ್ಕರ್ ಅವರದು. ಪ್ರತ್ಯೇಕವಾಗಿ ಸಂಘಟಿತರಾಗಿ ಇವರು ಕಾರ್ಮಿಕರನ್ನು ಒಡೆಯುತ್ತಿದ್ದಾರೆ ಎಂದು ಕಾರ್ಮಿಕ ನಾಯಕರು ದೂರುತ್ತಿದ್ದರು. ಅಂಬೇಡ್ಕರ್ ಈ ದೂರಿನಿಂದ ನುಣುಚಿಕೊಳ್ಳಲಿಲ್ಲ, ಸಭೆಯಲ್ಲೇ ಎತ್ತಿಕೊಂಡರು.

ಈ ದೇಶದ ಕಾರ್ಮಿಕರಿಗೆ ಶತ್ರುಗಳು ಇಬ್ಬರು, ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎಂಬುದು ಅವರ ಮುಖ್ಯ ಮಾತು. ಮೊದಲ ಪದವನ್ನು ಯಾರಾದರೂ ತಪ್ಪಾಗಿ ಹಿಡಿಯಬಹುದು ಎಂಬುದು ಅವರಿಗೆ ತಿಳಿದಿತ್ತು. ಅದಕ್ಕೇ ಅರ್ಥವನ್ನು ಬಿಡಿಸಿ ಹೇಳಿದರು. ಬ್ರಾಹ್ಮಣರೆಂಬ ಸಮುದಾಯದ ಅಧಿಕಾರ, ಸವಲತ್ತುಗಳು ತಮ್ಮ ಅರ್ಥವಲ್ಲ; ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳ ನಿರಾಕರಣೆಯೇ ಅದರ ಅರ್ಥ. ಅದನ್ನು ಹುಟ್ಟುಹಾಕಿದವರು ಬ್ರಾಹ್ಮಣರಾದರೂ ಈಗ ಎಲ್ಲ ವರ್ಗಗಳಲ್ಲೂ ಹಬ್ಬಿದೆ ಎಂದರು. ಹೀಗಾಗಿ ಜನರಿಗೆ ಅಂಟಬಹುದಾಗಿದ್ದ ಆರೋಪ ಒಂದು ಮನೋಧರ್ಮದ ಮೇಲೆ ನಿಂತಿತು.

ಆಮೇಲೆ ಸಾಕ್ಷ್ಯ. ಮುಂಬಯಿ, ಅಹಮದಾಬಾದುಗಳ ಬಟ್ಟೆ ಗಿರಣಿಗಳಲ್ಲಿ ದಲಿತರಿಗೆ ನೇಯ್ಗೆ ವಿಭಾಗದ ಬಾಗಿಲು ಮುಚ್ಚಿತ್ತು. ಸಿಗುತ್ತಿದ್ದದ್ದು ಕಡಿಮೆ ಕೂಲಿಯ ನೂಲುವ ವಿಭಾಗ. ರೈಲ್ವೆಯಲ್ಲಿ ಅವರು ಬಡ್ತಿಯಿಲ್ಲದೆ ಗ್ಯಾಂಗ್‌ಮನ್‌ಗಳಾಗಿಯೇ ಉಳಿಯುತ್ತಿದ್ದರು. ಪೋರ್ಟರ್ ಕೆಲಸವೂ ಸಿಗುತ್ತಿರಲಿಲ್ಲ. ಪೋರ್ಟರ್ ಆದವನು ಸ್ಟೇಷನ್ ಮಾಸ್ಟರರ ಮನೆಗೆಲಸವನ್ನೂ ಮಾಡಬೇಕಿತ್ತು, ಅಸ್ಪೃಶ್ಯನನ್ನು ಮನೆಯೊಳಗೆ ಬಿಡುವವರು ಯಾರು? ಹಳಿಯ ಪಕ್ಕ ದುಡಿಯುತ್ತಿದ್ದ ಕೇಳುಗರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ.

ಈಗ ಆ ದೂರನ್ನು ಮತ್ತೆ ನೋಡಿ. ಕಾರ್ಮಿಕರು ಒಡೆದಿದ್ದಾರೆ, ನಿಜ. ಆದರೆ ಒಡಕು ಸಂಘದಿಂದ ಬಂದದ್ದಲ್ಲ. ಒಡಕು ಇದ್ದುದರಿಂದ ಸಂಘ ಬೇಕಾಯಿತು. ದೂರಿದವರು ಪರಿಣಾಮವನ್ನು ಕಾರಣವೆಂದು ತಿಳಿದಿದ್ದರು. ಒಗ್ಗಟ್ಟು ಬೇಕಾದರೆ, ತಾನು ಇತರರಿಗೆ ಕೊಡಲೊಪ್ಪದ ಹಕ್ಕನ್ನು ತನಗೆ ಕೇಳುವುದು ತಪ್ಪೆಂದು ಆ ಕಾರ್ಮಿಕನಿಗೇ ಹೇಳಬೇಕು ಎಂಬುದು ಅಂಬೇಡ್ಕರ್ ಉತ್ತರ.

ಅವರು ಒಗ್ಗಟ್ಟಿನ ವಿರೋಧಿಯೇ? ಅದೇ ವರ್ಷ ಮುಂಬಯಿ ಪ್ರಾಂತ್ಯದ ಕಾಂಗ್ರೆಸ್ ಸರ್ಕಾರ ಮುಷ್ಕರದ ಹಕ್ಕನ್ನು ಕಟ್ಟಿಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಿತು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. 1938ರ ನವೆಂಬರ್ 7ರಂದು ಮಸೂದೆಯ ವಿರುದ್ಧ ಒಂದು ದಿನದ ಮುಷ್ಕರ ನಡೆದಾಗ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷ ಕಮ್ಯುನಿಸ್ಟರ ಜೊತೆಗೂಡಿ ನಿಂತಿತು. ಮನ್ಮಾಡಿನ ಭಾಷಣಕ್ಕೆ ಇನ್ನೂ ಒಂಬತ್ತು ತಿಂಗಳು ತುಂಬಿರಲಿಲ್ಲ.

ಆ ಭಾಷಣ ಇಂದು ಇಂಗ್ಲಿಷಿನಲ್ಲಿ ಓದಲು ಸಿಗುತ್ತದೆ. ಪರೀಕ್ಷೆಯ ತಯಾರಿಯಲ್ಲಿ ಅದನ್ನೊಮ್ಮೆ ಪೆನ್ಸಿಲ್ ಹಿಡಿದು ಓದಿ. ಎದುರಾಳಿಯ ಮಾತನ್ನು ಎಲ್ಲಿ ಎತ್ತಿಕೊಂಡರು, ಪದದ ಅರ್ಥವನ್ನು ಎಲ್ಲಿ ಬಿಗಿ ಮಾಡಿದರು, ಉದಾಹರಣೆ ಎಲ್ಲಿ ಬಂತು, ಪರಿಹಾರ ಎಲ್ಲಿ ಬಂತು ಎಂದು ಗುರುತು ಹಾಕಿ. ಆಮೇಲೆ ನಮ್ಮ ಆಫೀಸು, ಹಾಸ್ಟೆಲುಗಳಲ್ಲಿ ಯಾರಾದರೂ 'ಜಾತಿಯ ಮಾತೆತ್ತುವವರೇ ಜಾತಿ ಬೆಳೆಸುವವರು' ಎಂದರೆ, ಆ ದೋಷಕ್ಕೆ ಹೆಸರಿಡುವುದು ಕಷ್ಟವಾಗಲಾರದು.